ಯಕ್ಷಗಾನದ ಆಟ ಲೈವ್ ಹಾಕುವವರೇ, ಕರೆಂಟ್ ಉಳಿಸಿ, ಹಾಡುವ ಭಾಗವತರ ಪದಕ್ಕೆ ಮಾತ್ರ ಕತ್ತರಿ ಹಾಕ್ಬೇಡಿ

ಮಂಗಳೂರು ಉಡುಪಿ ಕಡೆ ಈಗ ಆಟ ಇರ್ಲಿ ದೇವಸ್ಥಾನದ ಬ್ರಹ್ಮಕಲಶ ಇರ್ಲಿ, ಯೂಟ್ಯೂಬ್ ಲೈವ್ ಉಂಟೇ ಉಂಟು. ಸುಮಾರು ಜನ 1080ಪಿಗೆ ಇಟ್ಟು ಬೆಳಗಿನವರೆಗೆ ಬಿಡ್ತಾರೆ, ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) 5 ಎಂಬಿಪಿಎಸ್ ಅಂದ್ರೆ 8 ಗಂಟೆಗೆ ನೀವು ಕಳಿಸುವುದೇ 18 ಜಿಬಿ ಮಾರಾಯ್ರೆ, ನೋಡುವವರ ಲೆಕ್ಕ ಬೇರೆ.

ಆದ್ರೆ ಬಿಟ್‌ರೇಟ್ ಅರ್ಧ ಮಾಡಿದ್ರೆ ಕರೆಂಟೂ ಅರ್ಧ ಆಗ್ತದೆ ಅಂದ್ಕೊಳ್ಬೇಡಿ, ಟವರ್ ರೂಟರ್ ಎಲ್ಲ ಖಾಲಿ ಕೂತ್ರೂ ಕರೆಂಟ್ ಎಳೀತಾನೇ ಇರ್ತವೆ. ಇಂಟರ್‌ನ್ಯಾಷನಲ್ ಎನರ್ಜಿ ಏಜೆನ್ಸಿ 2020ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಒಂದು ಗಂಟೆ ಸ್ಟ್ರೀಮಿಂಗಿಗೆ ಸುಮಾರು 0.08 ಯೂನಿಟ್, ಅದ್ರಲ್ಲಿ ಮುಕ್ಕಾಲಿನ ಹತ್ತಿರ ತಿನ್ನುವುದು ನೋಡುವವರ ಟಿವಿ, ಮೊಬೈಲೇ. 50 ಇಂಚಿನ ಟಿವಿ ಅಂತೂ ಮೊಬೈಲಿನ ನೂರು ಪಟ್ಟು.

ಹಾಗಾಗಿ ಸ್ಕ್ರೀನ್ ಇಲ್ಲದೇ ಕೇಳುವ ದಾರಿ ಮಾಡಿಕೊಡಿ. ಪತ್ತನಾಜೆ (ಮೇ ಕೊನೆಗೆ ಮೇಳಗಳು ತಿರುಗಾಟ ಮುಗಿಸುವ ದಿನ) ಕಳೆದು ಮಳೆ ಶುರುವಾದ್ರೆ ತಾಳಮದ್ದಳೆ ಸೀಸನ್ ಅಲ್ವಾ, ಅದ್ರಲ್ಲಿ ವೇಷ ಇಲ್ಲ ಕುಣಿತ ಇಲ್ಲ, ಅರ್ಥಧಾರಿಗಳು ಕೂತು ಮಾತಾಡುವುದು, ಅದಕ್ಕೆ 1080ಪಿ ಎಂತಕ್ಕೆ? ವೀಡಿಯೋ 480ಪಿ ಸಾಕು, ಜೊತೆಗೆ ಬರೀ ಆಡಿಯೋ ಫೈಲ್ ಬೇರೆ ಹಾಕಿ ಲಿಂಕ್ ಕೊಡಿ, ಜನ ಫೋನ್ ಜೇಬಲ್ಲಿಟ್ಟು ಕೇಳ್ತಾರೆ. 128 ಕೆಬಿಪಿಎಸ್‌ನಲ್ಲಿ ಗಂಟೆಗೆ 58 ಎಂಬಿಯೂ ಆಗುದಿಲ್ಲ, ಅದಕ್ಕಿಂತ ಕೆಳಗೆ ಇಳಿಸ್ಬೇಡಿ, ಚಂಡೆ ಪೆಟ್ಟು ಒಡೆದು ಕೇಳಿದ್ರೆ ಯಾರೂ ಕೂರುದಿಲ್ಲ.

ಆಟಕ್ಕೆ 720ಪಿ, 30 ಫ್ರೇಮ್, 3 ಎಂಬಿಪಿಎಸ್‌ನಿಂದ ಶುರು ಮಾಡಿ. ಬಿಟ್ ಸುಮ್ನೆ ಪೋಲಾಗುವುದು ಎಲ್ಲಿ ಗೊತ್ತುಂಟಾ, ಕತ್ತಲೆಯಲ್ಲಿ ಕ್ಯಾಮೆರಾ ಗೇನ್ (ಚಿತ್ರ ಬೆಳ್ಳಗೆ ಮಾಡುವ ಸೆಟ್ಟಿಂಗ್) ಏರಿಸಿ ಪರದೆ ಮೇಲೆಲ್ಲ ಕಾಳು ಕಾಳು ಬರ್ತದಲ್ಲ ಅಲ್ಲಿ, ವೀಡಿಯೋ ಕುಗ್ಗಿಸಿ ಕಳಿಸುವ ಎನ್‌ಕೋಡರಿಗೆ ಆ ಕಾಳೂ ಒಂದು ಚಲನೆಯೇ. ರಂಗಸ್ಥಳದ ಎದುರಿಗೆ ಒಂದು ಲೈಟ್ ಜಾಸ್ತಿ ಕೇಳಿ, ಗೇನ್ ಇಳಿಸಿ ಲಾಕ್ ಮಾಡಿ. ಟ್ರೈಪಾಡ್ ಬೇಕೇ ಬೇಕು. ಹಿಂದೆ ಮಿನುಗುವ ಸೀರಿಯಲ್ ಲೈಟ್ ಇದ್ರೆ ಫ್ರೇಮಿಂದ ಹೊರಗಿಡಿ (ಕಮಿಟಿಯವರು ಒಪ್ಪಿದ್ರೆ!). ಲೈವ್ ಕಳಿಸುವ ಸಾಫ್ಟ್‌ವೇರ್ ಒಬಿಎಸ್‌ನಲ್ಲಿ ಹಾರ್ಡ್‌ವೇರ್ ಎನ್‌ಕೋಡರ್ ಆರಿಸಿ, ಲ್ಯಾಪ್‌ಟಾಪ್ ಬಿಸಿಯಾಗುವುದೂ ಕಡಿಮೆ, ಗದ್ದೆಯಲ್ಲಿ ಇನ್ವರ್ಟರ್ ಇಟ್ಕೊಂಡವ್ರಿಗೆ ದೊಡ್ಡ ಉಪಕಾರ.

ಚೌಕಿಪೂಜೆಗಿಂತ (ಆಟಕ್ಕೆ ಮುಂಚೆ ವೇಷ ಕಟ್ಟುವಲ್ಲಿ ಮಾಡುವ ಪೂಜೆ) ಮೊದಲೇ ಟೆಸ್ಟ್ ಮಾಡುದ್ರಿಂದ ಎಂತ ಪ್ರಯೋಜನ ಇಲ್ಲ, ಕುಣಿತ ಇರುವಾಗ ಸಾಧಾರಣ ಫೋನಲ್ಲಿ ನೋಡಿ. ವೇಷದವರು ದಿಗಿಣ (ಗಿರಕಿ ಹೊಡೆದು ಹಾರುವ ಕುಣಿತ) ಹಾರುವಾಗ ಕಿರೀಟದ ಅಂಚು ಚೌಕ ಚೌಕ ಆದ್ರೆ ಅರ್ಧ ಎಂಬಿಪಿಎಸ್ ಏರಿಸಿ, ಚೌಕ ಆಗದಿದ್ರೆ ಮುಂದಿನ ಆಟಕ್ಕೆ ಅರ್ಧ ಎಂಬಿಪಿಎಸ್ ಇಳಿಸಿ ನೋಡಿ.