ಹೊಸ ಜೇಬುಚಾಕು ಕೊಳ್ಳುವ ಮೊದಲು ಹಳೆಯದನ್ನು ಬಿಡಿಸಿ ನೋಡಿ

ದಿನವೂ ಜೇಬಿನಲ್ಲಿರುತ್ತಿದ್ದ ಮಡಚುವ ಚಾಕು ಹಾಳಾಯಿತೆಂದು ನೇರ ಅಂಗಡಿಗೆ ಹೊರಡಬೇಡಿ. ಮೊದಲು ಅದನ್ನೇ ಬಿಡಿಸಿ ಬೆಳಕಿಗೆ ಹಿಡಿಯಿರಿ. ಮೊನೆ ಮುರಿದಿದೆಯೇ? ಹಾಗಾದರೆ ಅದರಲ್ಲಿ ಸ್ಕ್ರೂ ತಿರುಗಿಸಿದ್ದೀರಿ, ಡಬ್ಬಿಯ ಮುಚ್ಚಳ ಮೀಟಿದ್ದೀರಿ. ನಿಮಗೆ ಬೇಕಿರುವುದು ದಪ್ಪ ಅಲಗಲ್ಲ, ಪಕ್ಕದಲ್ಲೊಂದು ಸ್ಕ್ರೂಡ್ರೈವರ್. ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ, ಮಡಚಿದಾಗ 91 ಮಿ.ಮೀ. ಉದ್ದದ ಟಿಂಕರ್‌ನಂಥದ್ದು. ಸಾಣೆ ಹಿಡಿದೂ ಹಿಡಿದೂ ಅಲಗು ಸಣ್ಣಗಾಗಿದ್ದರೆ ಆಯ್ಕೆ ಸರಿಯಾಗಿಯೇ ಇತ್ತು, ಅದೇ ಬಗೆಯದನ್ನು ತನ್ನಿ. ಅಲಗು ಬರೀ ಅಲುಗಾಡುತ್ತಿದ್ದು ಕೀಲಿನಲ್ಲಿ ಸ್ಕ್ರೂ ಇದ್ದರೆ ಕಾಲು ಸುತ್ತು ಬಿಗಿ ಮಾಡಿ. ಖರ್ಚು ಅಲ್ಲಿಗೇ ಉಳಿಯಬಹುದು.

ಕೊಳ್ಳಲೇಬೇಕೆಂದರೆ ಅಳತೆಯಿಂದ ಶುರು ಮಾಡಿ. ಅಲಗು 7–8 ಸೆಂ.ಮೀ. ಇದ್ದರೆ ಮೋಸಂಬಿ, ಗೋಣಿದಾರ, ರಟ್ಟಿನ ಪೆಟ್ಟಿಗೆ ಎಲ್ಲಕ್ಕೂ ಸಾಕು. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು, ಮನೆಗೆಲಸ, ಕೃಷಿ, ವಿಜ್ಞಾನ ಅಥವಾ ಕೈಗಾರಿಕೆಗೆಂದು ಮಾಡಿದ್ದಲ್ಲದಿದ್ದರೆ, 2016ರ ಶಸ್ತ್ರಾಸ್ತ್ರ ನಿಯಮಗಳ ಆಯುಧಪಟ್ಟಿಗೆ ಸೇರುತ್ತದೆ. ಗುಂಡಿ ಒತ್ತಿದೊಡನೆ ಚಿಮ್ಮುವ ಚಾಕುಗಳ ತಂಟೆಗೇ ಹೋಗಬೇಡಿ.

ಹೆಚ್ಚಿನವರು ಗಮನಿಸದ್ದು ಅಲಗಿನ ಬೆನ್ನಿನ ದಪ್ಪ. 2ರಿಂದ 2.5 ಮಿ.ಮೀ. ಸಾಕು. 4 ಮಿ.ಮೀ. ಅಲಗು ಎಷ್ಟೇ ಹರಿತವಿರಲಿ, ಸೇಬನ್ನು ಕೊಯ್ಯುವುದಿಲ್ಲ. ಬೆಣೆಯ ಹಾಗೆ ಒಳಹೊಕ್ಕು ಅದನ್ನು ಟಕ್ಕನೆ ಸೀಳುತ್ತದೆ.

ಆಮೇಲೆ ಉಕ್ಕು. ವಿಕ್ಟೋರಿನಾಕ್ಸ್‌ನದು ಮೆದು, ಗಡಸುತನ ಅಳೆಯುವ ರಾಕ್‌ವೆಲ್ ಮಾಪನದಲ್ಲಿ 55–56. ಬೇಗ ಮೊಂಡಾಗುತ್ತದೆ, ಆದರೆ ಸಾಮಾನ್ಯ ಸಾಣೆಕಲ್ಲಿನ ಮೇಲೆ ಹತ್ತು ಸಲ ಎಳೆದರೆ ಮತ್ತೆ ಹರಿತ. ಡಿ2 ಎಂಬ ಗಡಸು ಉಕ್ಕು 60ರ ಆಸುಪಾಸು. ಹರಿತ ಬಹುದಿನ ನಿಲ್ಲುತ್ತದೆ, ಮಸೆಯುವುದು ಮಾತ್ರ ನಿಧಾನ, ವಜ್ರದ ಪುಡಿಯ ಕಲ್ಲಿದ್ದರೆ ಸುಲಭ. ಅದು ಪೂರ್ತಿ ಸ್ಟೇನ್‌ಲೆಸ್ ಅಲ್ಲ, ಕರಾವಳಿಯ ಉಪ್ಪುಗಾಳಿಗೆ ಚುಕ್ಕೆ ಬೀಳುತ್ತದೆ. ಕಾರ್ಬನ್ ಉಕ್ಕಿಗೆ ನಿಂಬೆ, ಮಾವಿನಕಾಯಿ ತಗುಲಿದರೆ ಕಪ್ಪಾಗುವುದು ಸಹಜ. ದರ್ಜೆಯನ್ನೇ ಹೇಳದೆ ಬರೀ ‘ಸ್ಟೇನ್‌ಲೆಸ್’ ಎಂದು ಅಚ್ಚೊತ್ತಿದ ಅಗ್ಗದ ಚಾಕು, ಮೇಲೆ ಅಲೆಗೆರೆ ಮೂಡಿಸಿದ ‘ಡಮಾಸ್ಕಸ್’, ಎರಡೂ ಕೆಲಸಕ್ಕಲ್ಲ, ಷೋಕಿಗೆ.

ಅಂಗಡಿಯಲ್ಲೇ ಪರೀಕ್ಷಿಸಬೇಕಾದ್ದು ಲಾಕ್. ಒಳತಗಡಿನ ಲಾಕ್ (ಹಿಡಿಯೊಳಗಿನ ತಗಡು ಸರಿದು ಬಂದು ಅಲಗು ಮಡಚದಂತೆ ತಡೆಯುವಂಥದ್ದು) ಆದರೆ ಚಾಕು ಬಿಡಿಸಿ, ತಗಡು ಅಲಗಿನ ಬುಡಕ್ಕೆ ಎಷ್ಟು ಒತ್ತಿ ನಿಂತಿದೆ ನೋಡಿ. ಅಂಚಿಗಷ್ಟೇ ತಾಗಿದ್ದರೆ ಜಾರುತ್ತದೆ. ಹೊಸದರಲ್ಲೇ ಹಿಡಿಯ ಎದುರು ಬದಿಯನ್ನು ಮುಟ್ಟಿದ್ದರೆ ಮುಂದೆ ಸವೆಯಲು ಜಾಗವೇ ಇಲ್ಲ. ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು ಅದರ ಬೆನ್ನನ್ನು ಮೇಜಿಗೆ ಒತ್ತಿ. ಮಡಚಿಕೊಂಡರೆ ವಾಪಸ್ ಕೊಡಿ. ಮಡಚಿದಾಗ ಅಲಗು ಎರಡು ತಗಡುಗಳ ನಟ್ಟನಡುವೆ ಕೂರಬೇಕು. ಲಾಕ್ ಇಲ್ಲದ, ಸ್ಪ್ರಿಂಗ್ ಮಾತ್ರವಿರುವ ಚಾಕು ಕೊಯ್ಯಲು ಸರಿ, ಚುಚ್ಚಲು ಬಳಸಿದರೆ ಬೆರಳಿಗೇ ಮಡಚಿಕೊಳ್ಳುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕುವಿಗೆ ತಿರುಗಿಸುವ ಉಂಗುರದ ಲಾಕ್, ಹಗುರ, ಅಲಗು ತೆಳು. ಆದರೆ ಹಿಡಿ ಮರದ್ದು. ಮಲೆನಾಡಿನ ಮಳೆಗಾಲಕ್ಕೆ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ.

ಮನೆಗೆ ತಂದಮೇಲೆ ಕೀಲಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಹಲಸಿನ ಮೇಣ ಅಂಟಿದರೆ ಕೊಬ್ಬರಿ ಎಣ್ಣೆ ಸವರಿ ಒರೆಸಿ, ಆಮೇಲಷ್ಟೇ ಮಡಚಿ. ವಿಮಾನ ಹತ್ತುವ ದಿನ ಚಾಕು ಕೈಚೀಲದಲ್ಲಿರಬಾರದು, ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ.