ಊರಲ್ಲೊಂದು ಮಹಿಳಾ ಉದ್ಯಮಿಗಳ ಬಳಗ: ಕಟ್ಟುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಒಂದು ಮನೆಯಲ್ಲಿ ಮದುವೆ ನಿಶ್ಚಯವಾಯಿತು ಅಂದುಕೊಳ್ಳಿ. ಸೀರೆಗೆ ಕುಚ್ಚು ಕಟ್ಟಿಸಬೇಕು, ರವಿಕೆಗೆ ಆರಿ ವರ್ಕ್ ಮಾಡಿಸಬೇಕು. ಮೆಹಂದಿ, ಮೇಕಪ್, ಮೊಗ್ಗಿನ ಜಡೆಗೆ ಜನ ಬೇಕು. ಬೀಗರಿಗೆ ಕೊಡಲು ಚಕ್ಕುಲಿ, ಕೋಡುಬಳೆ, ಬಂದವರಿಗೆ ತಾಂಬೂಲದ ಚೀಲ. ಹೀಗೆ ಒಂದೇ ಮನೆಯಿಂದ ಏಳೆಂಟು ಹೆಣ್ಣುಮಕ್ಕಳಿಗೆ ಕೆಲಸ ಸಿಗುತ್ತದೆ. ಆದರೆ ಕುಚ್ಚು ಕಟ್ಟುವವರಿಗೆ ಪಕ್ಕದ ಬೀದಿಯಲ್ಲೇ ಚಕ್ಕುಲಿ ಮಾಡುವವರಿದ್ದಾರೆ ಎನ್ನುವುದು ಗೊತ್ತಿರುವುದಿಲ್ಲ. ಗೊತ್ತಿದ್ದರೂ ಅವರ ಕೆಲಸ ಹೇಗೋ ಏನೋ ಎಂಬ ಅನುಮಾನದಲ್ಲಿ ಹೆಸರು ಹೇಳುವುದಿಲ್ಲ. ಈ ಎರಡು ಅಡ್ಡಿಗಳನ್ನು ತೆಗೆಯುವುದೇ ಬಳಗದ ಕೆಲಸ.

ಬೆಂಗಳೂರಿನಲ್ಲಿ ಕರ್ನಾಟಕ ಮಹಿಳಾ ಉದ್ಯಮಿಗಳ ಸಂಘ ‘ಅವೇಕ್’ 1983ರಲ್ಲೇ ಹುಟ್ಟಿತು. ಸ್ತ್ರೀಶಕ್ತಿ ಸಂಘಗಳು 2000–01ರಿಂದ ಹಳ್ಳಿ ಹಳ್ಳಿಯಲ್ಲಿವೆ, ಆದರೆ ಅವುಗಳ ಬೆನ್ನೆಲುಬು ಉಳಿತಾಯ ಮತ್ತು ಸಾಲ. ಇಲ್ಲಿ ಹೇಳುತ್ತಿರುವುದು ತಾಲ್ಲೂಕು ಕೇಂದ್ರದಂಥ ಊರಿನಲ್ಲಿ, ಒಬ್ಬರಿಗೊಬ್ಬರು ಆರ್ಡರ್ ಕೊಡಿಸುವುದಕ್ಕೆಂದೇ ಕಟ್ಟುವ ಸಣ್ಣ ಬಳಗದ ವಿಷಯ.

ಮೊದಲು ಪಟ್ಟಿ, ಆಮೇಲೆ ವಾಟ್ಸ್‌ಆ್ಯಪ್ ಗ್ರೂಪ್

ಹೆಚ್ಚಿನವರು ಮೊದಲು ಗ್ರೂಪ್ ಮಾಡಿ, ಸಿಕ್ಕಿದವರನ್ನೆಲ್ಲ ಸೇರಿಸಿಬಿಡುತ್ತಾರೆ. ತಿಂಗಳೊಳಗೆ ಅದು ಶುಭೋದಯದ ಚಿತ್ರಗಳಿಂದ ತುಂಬಿಹೋಗುತ್ತದೆ. ಅದರ ಬದಲು ಒಂದು ಹಾಳೆಯ ನಡುವೆ ‘ಮದುವೆ’ ಎಂದು ಬರೆದು, ಸುತ್ತಲೂ ಅದಕ್ಕೆ ಬೇಕಾದ ಕಸುಬುಗಳನ್ನು ಬರೆಯಿರಿ. ಸೀಮಂತ, ಗೃಹಪ್ರವೇಶ, ಶಾಲೆ ಶುರುವಾಗುವ ಹೊತ್ತು, ಗೌರಿ-ಗಣೇಶ ಹಬ್ಬ ಇವಕ್ಕೂ ಹಾಗೇ ಮಾಡಿ. ಎರಡು ಮೂರು ಹಾಳೆಗಳಲ್ಲಿ ಮತ್ತೆ ಮತ್ತೆ ಬರುವ ಕಸುಬುಗಳೇ ಬಳಗದ ಬುನಾದಿ. ಅವನ್ನು ಮಾಡುವವರನ್ನು ಹುಡುಕಿ, ಮನೆಗೇ ಹೋಗಿ ಕರೆಯಿರಿ.

12ರಿಂದ 15 ಜನ ಸಿಕ್ಕರೆ ಶುರು ಮಾಡಬಹುದು. 25 ದಾಟಬೇಡಿ. ಅದಕ್ಕಿಂತ ಹೆಚ್ಚಾದರೆ ಎರಡು ಗಂಟೆಯ ಸಭೆಯಲ್ಲಿ ಎಲ್ಲರ ಮಾತೂ ಮುಗಿಯುವುದಿಲ್ಲ, ಮಾತಾಡದೆ ಎದ್ದು ಹೋದವರು ಮುಂದಿನ ತಿಂಗಳು ಬರುವುದಿಲ್ಲ.

ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಎನ್‌ಐ ಎಂಬ ಉದ್ಯಮಿಗಳ ಜಾಲದಲ್ಲಿ ಒಂದು ಗುಂಪಿಗೆ ಒಂದು ಕಸುಬಿನವರು ಒಬ್ಬರೇ ಎಂಬ ನಿಯಮವಿದೆ. ದೊಡ್ಡ ನಗರಕ್ಕೆ ಅದು ಸರಿ. ನಮ್ಮ ಊರುಗಳಲ್ಲಿ ಹತ್ತು ಜನ ಬಂದರೆ ಮೂವರು ಟೈಲರ್‌ಗಳೇ ಇರುತ್ತಾರೆ. ಅವರನ್ನು ಬಿಡುವುದು ನ್ಯಾಯವಲ್ಲ. ಒಬ್ಬರಿಗೆ ಆರಿ ವರ್ಕ್, ಒಬ್ಬರಿಗೆ ಮಕ್ಕಳ ಬಟ್ಟೆ, ಇನ್ನೊಬ್ಬರಿಗೆ ಸಾದಾ ರವಿಕೆ ಮತ್ತು ಫಾಲ್ಸ್ ಎಂದು ಮೊದಲ ಸಭೆಯಲ್ಲೇ ಬರೆದಿಟ್ಟುಕೊಳ್ಳಿ. ಶ್ರಾವಣದಲ್ಲಿ ಒಬ್ಬರ ಕೈ ತುಂಬಿದಾಗ ಉಳಿದ ಕೆಲಸ ಇನ್ನೊಬ್ಬರಿಗೆ ಹೋಗಲಿ.

ಸದಸ್ಯತ್ವಕ್ಕೆ ಎರಡು ಷರತ್ತು ಸಾಕು. ಕೆಲಸ ಆಕೆಯದೇ ಆಗಿರಬೇಕು, ಅಂದರೆ ಗ್ರಾಹಕರ ಫೋನು ಆಕೆಯೇ ತೆಗೆಯಬೇಕು, ಬೆಲೆ ಆಕೆಯೇ ಹೇಳಬೇಕು. ಎರಡನೆಯದು, ಸದಸ್ಯರನ್ನೇ ಏಜೆಂಟರನ್ನಾಗಿ ಮಾಡಿಕೊಳ್ಳುವ ಚೈನ್ ಮಾರ್ಕೆಟಿಂಗ್‌ಗೆ ಇಲ್ಲಿ ಜಾಗವಿಲ್ಲ. ಅಂಥದ್ದು ಒಂದು ಒಳಗೆ ಬಂದರೆ ಆರು ತಿಂಗಳಲ್ಲಿ ಅರ್ಧ ಜನ ಒಬ್ಬರ ಮುಖ ಒಬ್ಬರು ನೋಡದಂತಾಗುತ್ತಾರೆ.

ಸಭೆಯ ಎರಡು ಗಂಟೆ

ತಿಂಗಳಿಗೊಂದು ಸಭೆ, ದಿನ ಗೊತ್ತಾಗಿರಲಿ: ಎರಡನೇ ಬುಧವಾರ, ಬೆಳಿಗ್ಗೆ 11ರಿಂದ 1. ಮಂಗಳವಾರ, ಶುಕ್ರವಾರ ಪೂಜೆಯಿರುತ್ತದೆ, ಸಂತೆಯ ದಿನ ಅಂಗಡಿಯವರು ಬರಲಾರರು. ದಿನ ಪದೇ ಪದೇ ಬದಲಾದರೆ ಮೊದಲು ತಪ್ಪಿಸಿಕೊಳ್ಳುವವರು ಮನೆಯಲ್ಲಿ ಅನುಮತಿ ಕೇಳಿ ಬರುವ ಹೆಣ್ಣುಮಕ್ಕಳು. ಅವರಿಗಾಗಿಯೇ ಈ ಶಿಸ್ತು.

ಮೊದಲ ಅರ್ಧ ಗಂಟೆ ತಲಾ ಒಂದು ನಿಮಿಷದ ಪರಿಚಯ. ಇದನ್ನು ಕಲಿಸಬೇಕಾಗುತ್ತದೆ. ‘ನಾನು ಎಲ್ಲಾ ಥರದ ತಿಂಡಿ ಮಾಡ್ತೀನಿ, ಆರ್ಡರ್ ಇದ್ರೆ ಹೇಳಿ’ ಎಂದರೆ ಯಾರ ನೆನಪಲ್ಲೂ ಉಳಿಯುವುದಿಲ್ಲ. ಹೀಗೆ ಹೇಳಲಿ: ‘ನಿಪ್ಪಟ್ಟು, ಕೋಡುಬಳೆ, ಚಕ್ಕುಲಿ ಮಾಡ್ತೀನಿ. ಕಮ್ಮಿ ಅಂದ್ರೆ 2 ಕೆ.ಜಿ., ನಾಲ್ಕು ದಿನ ಮುಂಚೆ ಹೇಳ್ಬೇಕು. ಈ ತಿಂಗಳು ಸೀಮಂತ ಇರೋ ಮನೆಯವರು ಯಾರಾದ್ರೂ ಗೊತ್ತಿದ್ರೆ ಪರಿಚಯ ಮಾಡಿಸಿ.’ ಏನು, ಎಷ್ಟು, ಯಾವಾಗ, ಯಾರು ಬೇಕು ಎಂಬ ನಾಲ್ಕೂ ಇದರಲ್ಲಿದೆ. ಕೇಳಿದವರಿಗೆ ತಕ್ಷಣ ನೆಂಟರ ಮನೆಯ ಸೀಮಂತ ನೆನಪಾಗುತ್ತದೆ.

ಆಮೇಲೆ ಒಬ್ಬ ಸದಸ್ಯೆಗೆ 15 ನಿಮಿಷ, ತನ್ನ ಕೆಲಸವನ್ನು ಬಿಡಿಸಿ ತೋರಿಸಲು. ಕುಚ್ಚು ಕಟ್ಟುವವರು ದಾರದ ಕುಚ್ಚು, ಮಣಿ ಕುಚ್ಚು, ಕ್ರೋಶಾ ಕುಚ್ಚು ಮೂರನ್ನೂ ಮೇಜಿನ ಮೇಲಿಟ್ಟು, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಬೆಲೆ ಯಾಕೆ ಬೇರೆ ಬೇರೆ ಎಂದು ಹೇಳಲಿ. ಇದನ್ನು ಕೈಯಲ್ಲಿ ಹಿಡಿದು ನೋಡಿದವರು ಗ್ರಾಹಕರ ಮುಂದೆ ಧೈರ್ಯವಾಗಿ ಮಾತಾಡುತ್ತಾರೆ. ಉಳಿದ ಹೊತ್ತಿನಲ್ಲಿ ಕಳೆದ ತಿಂಗಳು ಯಾರು ಯಾರಿಗೆ ಕೆಲಸ ಕೊಡಿಸಿದರು, ಅದು ಏನಾಯಿತು ಎಂಬ ಲೆಕ್ಕ, ನಂತರ ಹಣದ ಲೆಕ್ಕ, ಚಹಾ.

ಪರಿಚಯ ಮಾಡಿಸುವ ಕ್ರಮ

ಬಳಗದ ಜೀವ ಇರುವುದು ಇಲ್ಲಿ. ಸುಮ್ಮನೆ ನಂಬರ್ ಫಾರ್ವರ್ಡ್ ಮಾಡಿದರೆ ಪರಿಚಯ ಮಾಡಿಸಿದಂತಾಗುವುದಿಲ್ಲ.

1. ಯಾರ ಹೆಸರನ್ನು ಹೇಳಬೇಕೆಂದಿದ್ದೀರೋ ಅವರ ಬಳಿ ಮೊದಲು ನೀವೇ ಒಂದು ಸಣ್ಣ ಆರ್ಡರ್ ಕೊಟ್ಟು, ಪೂರ್ತಿ ಬೆಲೆಗೆ ಕೊಂಡು ನೋಡಿ. ಕೆಲಸ ಕೆಟ್ಟರೆ ಹೋಗುವುದು ಹೇಳಿದವರ ಹೆಸರು.

2. ಗ್ರಾಹಕರನ್ನು ಕೇಳದೆ ಅವರ ನಂಬರ್ ಕೊಡಬೇಡಿ. ‘ಅವರಿಗೆ ನಿಮ್ಮ ನಂಬರ್ ಕೊಡಲಾ?’ ಎಂಬ ಒಂದು ಮಾತು ಸಾಕು.

3. ಇಬ್ಬರಿಗೂ ಒಂದೇ ಸಂದೇಶ ಕಳಿಸಿ: ಯಾರು, ಏನು ಬೇಕು, ಯಾವ ದಿನಕ್ಕೆ.

4. ಸದಸ್ಯೆ 24 ಗಂಟೆಯೊಳಗೆ ಫೋನು ಮಾಡಲೇಬೇಕು. ಕೆಲಸ ಒಪ್ಪಿಕೊಳ್ಳಲು ಆಗದಿದ್ದರೆ ಅದನ್ನೂ ಹೇಳಬೇಕು. ‘ಫೋನೇ ಬರಲಿಲ್ಲ’ ಎನ್ನುವುದೇ ಗ್ರಾಹಕರಿಂದ ಹೆಚ್ಚಾಗಿ ಬರುವ ದೂರು.

5. ಒಂದು ಉದ್ದ ನೋಟ್‌ಬುಕ್‌ನಲ್ಲಿ ಆರು ಅಂಕಣ ಎಳೆಯಿರಿ: ದಿನಾಂಕ, ಕೊಟ್ಟವರು, ಪಡೆದವರು, ಕೆಲಸ, ಆಯಿತೇ ಇಲ್ಲವೇ, ಮೊತ್ತ. ಮೂರು ತಿಂಗಳಿಗೊಮ್ಮೆ ಓದಿ. ಒಬ್ಬರ ಹೆಸರು ‘ಪಡೆದವರು’ ಅಂಕಣದಲ್ಲೇ ಇದ್ದು, ‘ಕೊಟ್ಟವರು’ ಅಂಕಣದಲ್ಲಿ ಒಮ್ಮೆಯೂ ಇಲ್ಲದಿದ್ದರೆ ಕೂರಿಸಿ ಮಾತಾಡಿ. ಬಹಳ ಸಲ ಅವರಿಗೆ ಮನಸ್ಸಿಲ್ಲ ಅಂತಲ್ಲ, ಉಳಿದವರ ಕೆಲಸ ಸರಿಯಾಗಿ ಗೊತ್ತಿರುವುದಿಲ್ಲ.

ಕಮಿಷನ್ ಬೇಡ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಕಮಿಷನ್ ಬಂದ ಕಡೆ ಅದು ಬೆಲೆಯೊಳಗೆ ಸೇರಿಕೊಳ್ಳುತ್ತದೆ, ಗ್ರಾಹಕರಿಗೆ ಗೊತ್ತಾದ ದಿನ ಇಬ್ಬರನ್ನೂ ಬಿಡುತ್ತಾರೆ. ಹಾಗೆಯೇ ‘ನಮ್ಮವರಲ್ವಾ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ’ ಎಂದು ಒಳಗೊಳಗೇ ಕೇಳುವುದಕ್ಕೂ ನಿಷೇಧ ಹಾಕಿ. ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಮೊದಲೇ ಕೂಲಿ ಕಡಿಮೆ. ಅದನ್ನು ಇನ್ನೂ ಇಳಿಸುವವರು ಗೆಳತಿಯರೇ ಆಗಬಾರದು.

ಒಟ್ಟಿಗೆ ಕೊಳ್ಳುವುದು, ಒಟ್ಟಿಗೆ ಮಾಡುವುದು

ಇದನ್ನು ಮೊದಲ ಮೂರು ತಿಂಗಳು ಮುಟ್ಟಬೇಡಿ. ಆಮೇಲೆ ಪ್ಯಾಕಿಂಗ್ ಕವರ್‌ನಿಂದ ಶುರು ಮಾಡಿ. ಅಚ್ಚು ಹಾಕಿಸಿದ ಪೌಚ್ ಬೇಕೆಂದರೆ ಸಾವಿರಗಟ್ಟಲೆ ತರಿಸಬೇಕಾಗುತ್ತದೆ. ಎಲ್ಲರೂ ಸೇರಿ ಒಂದೇ ಹೆಸರಲ್ಲಿ ಅಚ್ಚು ಹಾಕಿಸಿದರಾಯಿತು ಎಂದು ಹೊರಟರೆ ತಪ್ಪಾಗುತ್ತದೆ. ತಿಂಡಿ ಪೊಟ್ಟಣದ ಮೇಲೆ ಅದನ್ನು ಮಾಡಿದವರ ಹೆಸರು, ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೊಡುವ ಅವರದೇ 14 ಅಂಕಿಯ ಸಂಖ್ಯೆ ಇರಬೇಕು. ಆದ್ದರಿಂದ ಸಾದಾ ಪೌಚ್ ಒಟ್ಟಿಗೆ ತರಿಸಿ, ಸ್ಟಿಕ್ಕರ್ ಅವರವರದು ಅಂಟಿಸಿಕೊಳ್ಳಿ. ಅಳತೆಯಲ್ಲೂ ಎಡವುವವರಿದ್ದಾರೆ. 250 ಗ್ರಾಂ ಸಾರಿನ ಪುಡಿ ಹಿಡಿಯುವ ಪೌಚ್‌ನಲ್ಲಿ 250 ಗ್ರಾಂ ಚಕ್ಕುಲಿ ಹಿಡಿಯುವುದಿಲ್ಲ, ತುರುಕಿದರೆ ಮುರಿಯುತ್ತದೆ. ನಿಮ್ಮ ತಿಂಡಿಯನ್ನು ತುಂಬಿ ನೋಡಿದ ಮೇಲೇ ಅಳತೆ ಹೇಳಿ. ಹಣ ಮೊದಲು, ಆರ್ಡರ್ ಆಮೇಲೆ.

ದೊಡ್ಡ ಆರ್ಡರ್ ಹಂಚಿಕೊಳ್ಳುವುದು ಇನ್ನೂ ಸೂಕ್ಷ್ಮ. 100 ಕೆ.ಜಿ. ಚಕ್ಕುಲಿಯನ್ನು ನಾಲ್ವರು 25 ಕೆ.ಜಿ.ಯಂತೆ ಮಾಡಿದರೆ ನಾಲ್ಕು ಬಣ್ಣ, ನಾಲ್ಕು ದಪ್ಪ ಬರುತ್ತದೆ. ಅಕ್ಕಿ ನಾಲ್ಕು ಪಾಲು, ಹುರಿದ ಉದ್ದು ಒಂದು ಪಾಲು ಎಂದು ಹದ ನಿಗದಿ ಮಾಡಿ, ಒಂದೇ ಗಿರಣಿಯಲ್ಲಿ ಒಟ್ಟಿಗೆ ಬೀಸಿಸಿ, ಹಿಟ್ಟನ್ನು ತೂಗಿ ಹಂಚಿ. ಒರಳಿಗೆ ಹಾಕುವ ಬಿಲ್ಲೆಯೂ ಒಂದೇ ಅಳತೆಯದಿರಲಿ. ಮೊದಲ ಒಬ್ಬೆ ತೆಗೆದ ಕೂಡಲೇ ನಾಲ್ವರೂ ಒಂದೆಡೆ ಸೇರಿ, ಒಂದೊಂದು ಚಕ್ಕುಲಿ ಪಕ್ಕಪಕ್ಕ ಇಟ್ಟು ನೋಡಿ. ಕಪ್ಪಾಗಿದ್ದವರು ಉರಿ ಇಳಿಸಬೇಕು, ಎಣ್ಣೆ ಬದಲಾಯಿಸಬೇಕು. ಕಲಬುರಗಿಯಲ್ಲಿ ಹಲವು ಮಹಿಳಾ ಸಂಘಗಳ ಜೋಳದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಲ್ಲಿ ಮಾರುಕಟ್ಟೆಗೆ ಬರುತ್ತಿದೆ. ಯಾರ ಕೈಯ ರೊಟ್ಟಿಯಾದರೂ ಅಗಲ, ತೆಳುವು ಒಂದೇ ಥರ ಇದ್ದರಷ್ಟೇ ಅಂಥ ಹೆಸರು ನಿಲ್ಲುತ್ತದೆ.

ಮೇಳದ 10×10 ಅಡಿ ಮಳಿಗೆಯನ್ನು ನಾಲ್ವರಿಗಿಂತ ಹೆಚ್ಚು ಜನ ಹಂಚಿಕೊಳ್ಳಬೇಡಿ. ತಿಂಡಿಯ ಪಕ್ಕ ಅಗರಬತ್ತಿ, ಸಾಬೂನು, ಫಿನಾಯಿಲ್ ಇಡಬೇಡಿ, ಎರಡೇ ದಿನಕ್ಕೆ ವಾಸನೆ ಹಿಡಿಯುತ್ತದೆ.

ಹಣ, ಕಾಗದಪತ್ರ

ತಿಂಗಳಿಗೆ 100 ರೂಪಾಯಿಯಂತೆ 20 ಜನರಿಂದ 2,000 ಬರುತ್ತದೆ. ಚಹಾ-ತಿಂಡಿಗೆ ತಲಾ 30ರಂತೆ 600, ಜಾಗದ ಬಾಡಿಗೆ 500, ಜೆರಾಕ್ಸ್ ಇತ್ಯಾದಿಗೆ 100 ಎಂದು ಹಿಡಿದರೆ 800 ಉಳಿಯುತ್ತದೆ. ವರ್ಷಕ್ಕೆ 9,600. ಒಂದು ಮೇಳದ ಖರ್ಚಿಗೆ ಅದು ಆಧಾರ. ಈ ದುಡ್ಡನ್ನು ಯಾರಿಗೂ ಸಾಲ ಕೊಡಬೇಡಿ, ಬಳಗದೊಳಗೆ ಚೀಟಿ ನಡೆಸಬೇಡಿ. 1982ರ ಚಿಟ್ ಫಂಡ್ ಕಾಯ್ದೆಯಂತೆ ನೋಂದಣಿಯಿಲ್ಲದ ಚೀಟಿ ವ್ಯವಹಾರ ಅಪರಾಧ. ಕಾಯ್ದೆ ಹಾಗಿರಲಿ, ಚೀಟಿ ಎತ್ತಿದವರು ಕಂತು ತಪ್ಪಿಸಿದ ಮರುದಿನದಿಂದ ಆರ್ಡರ್‌ನ ಮಾತೇ ನಿಂತುಹೋಗುತ್ತದೆ.

ಮಳಿಗೆಯಲ್ಲಿ ಎಲ್ಲರ ಮಾರಾಟದ ಹಣವನ್ನೂ ಒಬ್ಬರ ಕ್ಯೂಆರ್ ಕೋಡ್‌ಗೆ ಹಾಕಿಸುವ ಅಭ್ಯಾಸ ಅಪಾಯ. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಹೋಗಿದ್ದು ನೆನಪಿರಲಿ. ಬೇರೆಯವರ ಹಣ ನಿಮ್ಮ ಖಾತೆಯಲ್ಲಿ ಹಾದುಹೋದರೂ ಲೆಕ್ಕ ಹೇಳಬೇಕಾದವರು ನೀವೇ. ನಾಲ್ಕು ಜನ, ನಾಲ್ಕು ಕೋಡ್, ನಾಲ್ಕು ಬಿಲ್ ಪುಸ್ತಕ.

ಕಾಗದದ ಕೆಲಸಕ್ಕೆ ಆಷಾಢ ಹೇಳಿಮಾಡಿಸಿದ ತಿಂಗಳು. ಮದುವೆಗಳಿಲ್ಲ, ಮೆಹಂದಿ, ಮೇಕಪ್‌ನವರಿಗೆ ಬಿಡುವು. ಎಲ್ಲರೂ ಆಧಾರ್, ಪ್ಯಾನ್ ತಂದು ಒಂದೇ ದಿನ ‘ಉದ್ಯಮ್’ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗಿರುವ ಕೇಂದ್ರ ಸರ್ಕಾರದ ನೋಂದಣಿ, ಮುಗಿಸಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಇದಕ್ಕೆ ಸರ್ಕಾರಿ ಜಾಲತಾಣದಲ್ಲಿ ಒಂದು ರೂಪಾಯಿ ಶುಲ್ಕವೂ ಇಲ್ಲ. ಹಣ ಕೇಳುವ ತಾಣ ಸರ್ಕಾರದ್ದಲ್ಲ. ಈ ನೋಂದಣಿ ಇದ್ದವರಿಂದ ಸರಕು ಕೊಂಡ ಕಂಪನಿ, ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕೆಂದು ಸಣ್ಣ ಉದ್ಯಮಗಳಿಗಾಗಿರುವ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಲಿಖಿತ ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ. ಕಲಿಕೆ ಬೇಕಾದವರನ್ನು ಜಿಲ್ಲೆಯ ಆರ್‌ಸೆಟಿಗೆ, ಅಂದರೆ ಬ್ಯಾಂಕ್‌ಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗೆ, ಕಳಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯಲ್ಲಿ ಬೆಳೆದ ಈ ಸಂಸ್ಥೆಗಳಲ್ಲಿ ತರಬೇತಿ, ಊಟ, ವಸತಿ ಉಚಿತ.

ವರ್ಷ ತುಂಬಿದ ಮೇಲೂ ಬಳಗ ಗಟ್ಟಿಯಾಗಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿಸಬಹುದು, ಕನಿಷ್ಠ ಏಳು ಸದಸ್ಯರು ಬೇಕು. ಬಳಗದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು ಇದರಿಂದ ಅನುಕೂಲ, ಜೊತೆಗೆ ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸುವ ಹೊಣೆಯೂ ಬರುತ್ತದೆ.

ದೂರು ಬಂದಾಗ

ರವಿಕೆ ಮುಹೂರ್ತದ ಹಿಂದಿನ ರಾತ್ರಿವರೆಗೂ ಸಿಗಲಿಲ್ಲ ಎಂಬ ದೂರು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಚರ್ಚಿಸಬೇಡಿ. ಮೂವರು ಸದಸ್ಯೆಯರು ವಾರದೊಳಗೆ ಇಬ್ಬರ ಮಾತನ್ನೂ ಎದುರಾಎದುರು ಕೇಳಲಿ. ತಪ್ಪು ಸದಸ್ಯೆಯದಾದರೆ ಆಕೆಯೇ ಹಣ ವಾಪಸ್ ಕೊಟ್ಟು ಕ್ಷಮೆ ಕೇಳಲಿ. ವರ್ಷದಲ್ಲಿ ಎರಡು ದೂರು ಸಾಬೀತಾದರೆ ಮೂರು ತಿಂಗಳು ಆಕೆಗೆ ಹೊಸ ಪರಿಚಯ ಮಾಡಿಸುವುದನ್ನು ನಿಲ್ಲಿಸಿ, ಸಭೆಗೆ ಬರುವುದನ್ನು ಮಾತ್ರ ತಡೆಯಬೇಡಿ. ಅಷ್ಟರಲ್ಲಿ ಯಾಕೆ ತಡವಾಗುತ್ತಿದೆ ಎಂದು ಜೊತೆಗೆ ಕೂತು ನೋಡಿ. ಹೆಚ್ಚಾಗಿ ಒಪ್ಪಿಕೊಂಡ ಕೆಲಸ ಎರಡು ಕೈಗೆ ಮೀರಿರುತ್ತದೆ, ಇಲ್ಲವೇ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿರುತ್ತಾರೆ.

ಪದಾಧಿಕಾರಿಗಳು ವರ್ಷಕ್ಕೊಮ್ಮೆ ಬದಲಾಗಲಿ. ಯುಗಾದಿಯ ನಂತರದ ಮೊದಲ ಸಭೆ ಅದಕ್ಕೆ ಒಳ್ಳೆಯ ದಿನ. ಹಳಬರು ಹೊಸಬರ ಕೈಗೆ ಎಲ್ಲರೆದುರು ನಾಲ್ಕು ವಸ್ತು ಕೊಡಬೇಕು: ಆರು ಅಂಕಣದ ನೋಟ್‌ಬುಕ್, ರಸೀದಿ ಪುಸ್ತಕ, ಕೈಯಲ್ಲಿ ಉಳಿದ ಹಣ ಎಣಿಸಿ, ಮತ್ತು ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್ ಸ್ಥಾನ.