ಹೆಸರಿಗಿಂತ ಮೊದಲು ಊರು: ಪೂರ್ವ ಪ್ರಷ್ಯಾದ ಮನೆತನಗಳನ್ನು ಹುಡುಕುವುದು

ಒಂದು ಕಾಲಕ್ಕೆ ಜರ್ಮನಿಯ ಪೂರ್ವ ತುದಿಯ ಪ್ರಾಂತ್ಯವಾಗಿದ್ದ ಪೂರ್ವ ಪ್ರಷ್ಯಾ ಈಗಿನ ನಕಾಶೆಯಲ್ಲಿಲ್ಲ. 1945ರ ನಂತರ ಅದರ ದಕ್ಷಿಣ ಭಾಗ ಪೋಲೆಂಡಿನ ಪಾಲಾಯಿತು, ಉತ್ತರ ಭಾಗ ರಷ್ಯಾದ ಕಲಿನಿನ್‌ಗ್ರಾಡ್ ಆಯಿತು, ಮೇಮೆಲ್ ಸೀಮೆ ಲಿಥುವೇನಿಯಾಕ್ಕೆ ಹೋಯಿತು. ದಾಖಲೆಗಳೂ ಹಾಗೆಯೇ ಚದುರಿವೆ. ಆದ್ದರಿಂದ ಮನೆತನದ ಹೆಸರು ಹಿಡಿದು ಹೊರಡಬೇಡಿ, ಮೊದಲು ಊರು ಗೊತ್ತುಮಾಡಿಕೊಳ್ಳಿ.

ಎಡವುವುದೂ ಇಲ್ಲೇ. ಸ್ಟಾಲುಪೋನೆನ್ ಪಟ್ಟಣ 1938ರಲ್ಲಿ ಎಬೆನ್‌ರೋಡೆ ಆಯಿತು, ಈಗ ನೆಸ್ತೆರೋವ್. ಲಿಥುವೇನಿಯನ್, ಪೋಲಿಷ್ ಛಾಯೆಯ ಹೆಸರುಗಳನ್ನು ನಾಜಿಗಳು ಆ ವರ್ಷ ಸಾಲುಸಾಲಾಗಿ ಬದಲಿಸಿದ್ದರು. ಯುದ್ಧಕಾಲದ ಕಾಗದದಲ್ಲಿರುವ ಹೆಸರು 1890ರ ದಾಖಲೆಯಲ್ಲಿ ಸಿಗದಿರುವುದು ಇದರಿಂದಲೇ. 1912ರ ಮೇಯರ್ಸ್ ಸ್ಥಳನಾಮ ಕೋಶ ಅಂತರ್ಜಾಲದಲ್ಲಿ ಉಚಿತವಾಗಿದೆ. ಹಳೆಯ ಹೆಸರು ಹಾಕಿ ನೋಡಿ, ಕ್ರೈಸ್ (ನಮ್ಮ ತಾಲ್ಲೂಕಿನಂಥದ್ದು) ಮತ್ತು ಜನನ, ಮದುವೆ, ಮರಣಗಳ ನೋಂದಣಿ ಕಚೇರಿ ಎರಡನ್ನೂ ಬರೆದಿಟ್ಟುಕೊಳ್ಳಿ. ನೊಯ್‌ಡೋರ್ಫ್ ಎಂಬ ಊರುಗಳು ಹಲವಿವೆ. ಕ್ರೈಸ್ ತಿಳಿಯದಿದ್ದರೆ ಯಾರದೋ ಅಜ್ಜನನ್ನು ನಿಮ್ಮ ವಂಶವೃಕ್ಷಕ್ಕೆ ಸೇರಿಸಿಬಿಡುತ್ತೀರಿ.

ಪ್ರಷ್ಯಾದಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1874ರ ಅಕ್ಟೋಬರ್ 1ರಂದು. ಅದಕ್ಕೂ ಹಿಂದಿನದಕ್ಕೆ ಚರ್ಚ್ ಪುಸ್ತಕಗಳೇ ಗತಿ. ಸರ್ಕಾರಿ ದಾಖಲೆಯಲ್ಲಿ ಮದುವೆಯದನ್ನೇ ಮೊದಲು ತೆಗೆಯಿರಿ. ವಧೂವರರಿಬ್ಬರ ತಂದೆತಾಯಿಯರ ಹೆಸರು ಅದೊಂದರಲ್ಲೇ ಸಿಗುತ್ತದೆ, ಒಂದೇಟಿಗೆ ಎರಡು ಮನೆತನ.

ದಕ್ಷಿಣ ಭಾಗದ ಪುಸ್ತಕಗಳಿಗೆ ಓಲ್ಶ್ಟಿನ್ ಸರ್ಕಾರಿ ಪತ್ರಾಗಾರವೇ ಮುಖ್ಯ. ಪೋಲೆಂಡಿನಲ್ಲಿ ಜನನ ಪುಸ್ತಕ 100 ವರ್ಷ, ಮದುವೆ ಮತ್ತು ಮರಣದವು 80 ವರ್ಷ ಸ್ಥಳೀಯ ಕಚೇರಿಯಲ್ಲಿದ್ದು ಆಮೇಲೆ ಪತ್ರಾಗಾರಕ್ಕೆ ಬರುತ್ತವೆ. ಅಲ್ಲಿ ಇಲ್ಲವೆಂದರೆ ಕೈಬಿಡಬೇಡಿ. ಪ್ರತಿ ನೋಂದಣಿಗೂ ಎರಡು ಪ್ರತಿ ಇರುತ್ತಿತ್ತು. ಪೂರ್ವದ ಕಚೇರಿಗಳಿಂದ ಉಳಿದು ಬಂದ ಪುಸ್ತಕಗಳು ಬರ್ಲಿನ್‌ನ ಮೊದಲ ನೋಂದಣಿ ಕಚೇರಿಯಲ್ಲಿವೆ, ಅವುಗಳಲ್ಲಿ ಹಳೆಯವು ಬರ್ಲಿನ್ ರಾಜ್ಯ ಪತ್ರಾಗಾರದಲ್ಲಿ. ಪ್ರೊಟೆಸ್ಟಂಟ್ ಚರ್ಚ್ ಪುಸ್ತಕ ಬೇಕಾದರೆ ಶುಲ್ಕ ಕಟ್ಟಿ ಆರ್ಕಿಯೋನ್ ಜಾಲತಾಣದಲ್ಲಿ ನೋಡಿ.

ಈ ದಾಖಲೆಗಳ ಹಳೆಯ ಜರ್ಮನ್ ಕೈಬರಹವಾದ ಕುರೆಂಟ್ ಓದುವುದಕ್ಕೆ ತಾಳ್ಮೆ ಬೇಕು. ಅದರಲ್ಲಿ 'ಇ' (e) ಅಕ್ಷರವೂ 'ಎನ್' (n) ಅಕ್ಷರವೂ ಹೆಚ್ಚುಕಡಿಮೆ ಒಂದೇ. 'ಯು' (u) ಮೇಲೆ ಕೊಂಕು ಇರುತ್ತದೆ. ತಿಂಗಳ ಹೆಸರು, ಪದಗಳಲ್ಲಿ ಬರೆದ ಇಸವಿ ಏನಿರಬೇಕೆಂದು ನಿಮಗೆ ಮೊದಲೇ ಗೊತ್ತಿರುತ್ತದಲ್ಲ, ಅವುಗಳಿಂದ ಆ ಗುಮಾಸ್ತನ ಅಕ್ಷರಮಾಲೆಯನ್ನು ಹಾಳೆಯಲ್ಲಿ ಬಿಡಿಸಿಕೊಂಡು ಆಮೇಲೆ ಮನೆತನದ ಹೆಸರಿಗೆ ಕೈಹಾಕಿ. 'ಗೆಬ್.' ಎಂದಿದ್ದರೆ ಅದರ ಮುಂದಿರುವುದು ಹೆಂಗಸಿನ ತವರಿನ ಹೆಸರು. ಕಸುಬಿನ ಜಾಗದಲ್ಲಿ 'ವಿರ್ಟ್' ಕಂಡರೆ ಹೋಟೆಲಿನವನೆಂದು ಬರೆದುಕೊಳ್ಳಬೇಡಿ. ಈ ಸೀಮೆಯ ಹಳ್ಳಿಗಳಲ್ಲಿ ಸ್ವಂತ ಹೊಲವಿದ್ದ ರೈತನಿಗೆ ಹಾಗೆನ್ನುತ್ತಿದ್ದರು. 'ಇನ್‌ಸ್ಟ್‌ಮನ್' ಎಂದರೆ ಜಮೀನ್ದಾರನ ಎಸ್ಟೇಟಿನಲ್ಲಿ ಕರಾರಿನ ಮೇಲೆ ದುಡಿಯುತ್ತಿದ್ದ ಕೂಲಿಯಾಳು.